ಅಜ್ಜಿ ಹಣೆ ಮೇಲಿನದು ಕುಂಕುಮಾನೋ, ಹಚ್ಚೆನೋ?

ನಾನು ಕುಷ್ಟಗಿಯಲ್ಲಿ ಫೋಟೊ ಕೆಲಸ ಮಾಡುವವನು. ಮದುವೆ ಆಲ್ಬಮ್, ಪಾಸ್‌ಪೋರ್ಟ್ ಸೈಜ್, ಬ್ಯಾನರ್ ಎಲ್ಲಾ ಮಾಡ್ತೀನಿ. ಇವತ್ತು ಮಾತಾಡೋದು ಮಾತ್ರ ಹಳೆ ಕಪ್ಪು-ಬಿಳುಪು ಫೋಟೊಗೆ ಕಂಪ್ಯೂಟರ್‌ನಲ್ಲಿ ಬಣ್ಣ ಹಚ್ಚುವ ಬಗ್ಗೆ. ಕೊಪ್ಪಳ, ಗಂಗಾವತಿ, ಯಲಬುರ್ಗಾ ಕಡೆಯಿಂದಲೂ ತರ್ತಾರೆ. ಹೆಚ್ಚಿನವು ಗೋಡೆಗೆ ಹಾಕುವ ಹಿರಿಯರ ಫೋಟೊ. ಕೆಲವು ಮನೆಯಲ್ಲಿ ಅಜ್ಜಿಯದು ಅಂತ ಇರೋದು ಅದೊಂದೇ.

ಮೊಬೈಲ್‌ನಲ್ಲಿ ಒಂದ್ಸಲ ಒತ್ತಿದ್ರ ಬಣ್ಣ ಬರ್ತೈತಿ, ನೀ ಯಾಕ ಬೇಕೋ ಮಾರಾಯ ಅಂತ ಕೇಳ್ತೀರಿ. ಬರ್ತೈತಿ, ಖರೆ. ಆದ್ರ ಅದು ಆ್ಯಪ್ ಊಹಿಸಿದ ಬಣ್ಣ.

ಯಲಬುರ್ಗಾ ಕಡೆಯ ಒಬ್ಬ ಕಾಲೇಜು ಹುಡುಗ ತನ್ನ ತಾಯಿಯ ತಾಯಿಯ ಫೋಟೊ ತಂದಿದ್ದ. ಆ್ಯಪ್‌ನಲ್ಲಿ ಆಗಲೇ ಬಣ್ಣ ಮಾಡಿಕೊಂಡಿದ್ದ, ದೊಡ್ಡದು ಮಾಡಿ ಫ್ರೇಮ್ ಹಾಕಿದರೆ ಸಾಕು ಅಂದ. ಹಣೆಯ ಮೇಲೆ ಕೆಂಪು ಚುಕ್ಕಿ, ನೋಡಲು ಚಂದವೇ ಇತ್ತು. ಜೊತೆಗೆ ಬಂದಿದ್ದ ಅವನ ದೊಡ್ಡವ್ವ ಅದನ್ನು ನೋಡಿ, "ಇದೇನೋ ತಮ್ಮಾ, ನಮ್ಮವ್ವಗ ಕುಂಕುಮ ಯಾಕ ಹಚ್ಚಿ? ಅದು ಹಚ್ಚಿ ಐತೋ. ನಮ್ಮಪ್ಪ ಹೋದ ಮ್ಯಾಗ ತಗದ ಫೋಟೊ ಇದು" ಅಂದರು.

ನಮ್ಮ ಕಡೆಯ ಹಳೆಯ ಹೆಣ್ಣುಮಕ್ಕಳ ಹಣೆ ಮೇಲೆ, ಗದ್ದದ ಮೇಲೆ ಹಚ್ಚೆ ಇರ್ತಿತ್ತು. ವರ್ಷ ಕಳೆದಂತೆ ಅದು ಹಸಿರು-ನೀಲಿಗೆ ತಿರುಗುತ್ತದೆ. ಕಪ್ಪು-ಬಿಳುಪು ಫೋಟೊದಲ್ಲಿ ಹಚ್ಚೆಯೂ ಕರಿ ಚುಕ್ಕಿ, ಕುಂಕುಮವೂ ಕರಿ ಚುಕ್ಕಿ. ಹಳೆಯ ಗಾಜಿನ ಪ್ಲೇಟು ಮತ್ತು ಕೆಲವು ಫಿಲ್ಮುಗಳಿಗೆ ಕೆಂಪು ಬೆಳಕು ತಾಗುತ್ತಲೇ ಇರಲಿಲ್ಲ, ಅದಕ್ಕೇ ಕೆಂಪು ವಸ್ತು ಕಪ್ಪಾಗಿ ಬೀಳುತ್ತಿತ್ತು. ಬೂದು ಬಣ್ಣವನ್ನು ಎಷ್ಟು ದಿಟ್ಟಿಸಿ ನೋಡಿದರೂ ಅದರ ಹಿಂದೆ ಯಾವ ಬಣ್ಣ ಇತ್ತು ಅಂತ ಗೊತ್ತಾಗೋದಿಲ್ಲ.

ಹುಡುಗ ಬಿಡಲಿಲ್ಲ. "ಕುಂಕುಮ ಇದ್ರ ಏನಾತು ದೊಡ್ಡವ್ವ? ಗಂಡ ಸತ್ತರ ಕುಂಕುಮ ತಗೀಬೇಕು ಅನ್ನೋದೇ ತಪ್ಪು." ಅವನ ಮಾತು ನನಗೂ ಸರಿ ಅನ್ನಿಸಿತು. ಆ ಪದ್ಧತಿ ನನಗೂ ಸೇರೋದಿಲ್ಲ. ಆದರೆ ದೊಡ್ಡವ್ವ, "ತಪ್ಪ ಇರಬಹುದು. ಆದ್ರ ಆಕಿ ಹಂಗ ಬದುಕಿದಾಕಿ. ಹಣಿ ಹಸರ ಇರ್ಲಿ" ಅಂದರು. ನಾನು ಅವರ ಮಾತಿನಂತೆ ಮಾಡಿಕೊಟ್ಟೆ. ಅಜ್ಜಿಗೆ ಆದ ಅನ್ಯಾಯ ಫೋಟೊದಲ್ಲಿ ಅಳಿಸಿದರೆ, ಆದದ್ದು ಮೊಮ್ಮಕ್ಕಳಿಗೆ ಗೊತ್ತೂ ಆಗೋದಿಲ್ಲ ಅಲ್ರೀ?

ಸೀರೆಯದೂ ಇದೇ ಕಥೆ. ಪಕ್ಕದ ಇಳಕಲ್ ಸೀರೆ ಉಟ್ಟವರ ಫೋಟೊ ನನ್ನ ಹತ್ತಿರ ಬಹಳ ಬರ್ತಾವ. ಆ್ಯಪ್ ಅದಕ್ಕೆ ಸಾಮಾನ್ಯವಾಗಿ ಮಂಕು ಕಂದೋ, ತಿಳಿ ನೀಲಿಯೋ ಹಚ್ಚಿ ಕೈತೊಳೆದುಕೊಳ್ಳುತ್ತದೆ. ಮನೆಯ ಹಿರಿಯರನ್ನು ಕೇಳಿದರೆ "ಚಂದ್ರಕಾಳಿ ಅದು" ಅಂತಾರೆ, ಮುಗೀತು: ಒಡಲು ಕಪ್ಪು, ಅಂಚು ಕೆಂಪು. ಬಣ್ಣ ಮರೆತವರಿಗೂ ಸೀರೆಯ ಹೆಸರು ನೆನಪಿರುತ್ತದೆ.

ಕೆಲಸದ ರೀತಿ ಹೇಳ್ತೀನಿ, ಗಿಂಪ್ ಪುಕ್ಕಟೆ ಸಿಗುತ್ತದೆ, ನೀವೂ ಮಾಡಬಹುದು. ಫೋಟೊವನ್ನು 600 ಡಿಪಿಐಗೆ ಸ್ಕ್ಯಾನ್ ಮಾಡಿ, ಆ ಫೈಲ್ ಮುಟ್ಟದೆ ಕಾಪಿ ಮೇಲೆ ಕೆಲಸ ಮಾಡ್ರಿ. ಫ್ರೇಮಿನ ಗಾಜಿಗೆ ಅಂಟಿದ್ದರೆ ಕೀಳಬ್ಯಾಡ್ರಿ, ಮುಖವೇ ಕಿತ್ತು ಬರ್ತೈತಿ. ಗಾಜಿನ ಮೇಲಿಂದಲೇ ಫ್ಲ್ಯಾಶ್ ಇಲ್ಲದೆ ಫೋಟೊ ತಗೀರಿ. ಆಮೇಲೆ ಸೀರೆಗೊಂದು, ಕುಪ್ಪಸಕ್ಕೊಂದು, ಚರ್ಮಕ್ಕೊಂದು ಬೇರೆ ಬೇರೆ ಲೇಯರ್. ಅದರ ಮೋಡ್ 'ಕಲರ್' ಅಂತ ಇಟ್ಟರೆ ಕೆಳಗಿನ ಬೆಳಕು-ನೆರಳು ಹಾಗೇ ಉಳಿದು ಬಣ್ಣ ಮಾತ್ರ ಕೂಡುತ್ತದೆ. ಹಿಂದೆ ಸ್ಟುಡಿಯೊದವರು ಪ್ರಿಂಟ್ ಮೇಲೆ ಹತ್ತಿ, ಸಣ್ಣ ಬ್ರಷ್‌ನಿಂದ ತೆಳುವಾಗಿ ಹಚ್ಚುತ್ತಿದ್ದದ್ದೂ ಇದಕ್ಕೇ. ನಮ್ಮ ಕಿನ್ನಾಳ ಗೊಂಬೆಗೆ ದಪ್ಪ ಬಣ್ಣವೇ ಚಂದ. ಫೋಟೊಗೆ ಹಾಗೆ ಹಚ್ಚಿದರೆ ಮನುಷ್ಯರೇ ಗೊಂಬೆ ಆಗಿಬಿಡ್ತಾರ.

ಒಂದು ತೊಡಕು. ಕಲರ್ ಮೋಡ್‌ನಲ್ಲಿ ಪೂರಾ ಕಪ್ಪಿಗೆ ಬಣ್ಣ ಹತ್ತೋದಿಲ್ಲ. ಚಂದ್ರಕಾಳಿಯ ಕೆಂಪಂಚು ಕಪ್ಪಾಗಿ ಬಿದ್ದಿದ್ದರೆ ಮೊದಲು ಆ ಜಾಗವನ್ನಷ್ಟೇ ಕರ್ವ್ಸ್‌ನಲ್ಲಿ ತುಸು ತಿಳಿ ಮಾಡಿ, ಆಮೇಲೆ ಕೆಂಪು ಕೊಡಬೇಕು. ಒಂದು ಫೋಟೊಗೆ ನನಗೆ ಅರ್ಧ ದಿನ ಹಿಡಿಯುತ್ತದೆ. 1965ರ 'ಸತ್ಯ ಹರಿಶ್ಚಂದ್ರ'ಕ್ಕೆ ಬಣ್ಣ ಕೊಟ್ಟು 2008ರಲ್ಲಿ, 1971ರ 'ಕಸ್ತೂರಿ ನಿವಾಸ'ಕ್ಕೆ ಕೊಟ್ಟು 2014ರಲ್ಲಿ ಬಿಡುಗಡೆ ಮಾಡಿದರಲ್ಲ, ಸಿನಿಮಾದ ಒಂದು ನಿಮಿಷಕ್ಕೇ 1,440 ಫ್ರೇಮು. ನೆನೆಸಿಕೊಂಡರೆ ಕೈ ನೋಯುತ್ತದೆ.

ಕೊನೆಗೆ ಚರ್ಮದ ಬಣ್ಣ. ಜಗಳ ಹೆಚ್ಚು ಇಲ್ಲೇ. "ಅಣ್ಣಾರ, ಸ್ವಲ್ಪ ಬೆಳ್ಳಗ ಮಾಡ್ರಿ" ಅನ್ನದವರು ಅಪರೂಪ. ಬಿಸಿಲಲ್ಲಿ ಹೊಲದ ಕೆಲಸ ಮಾಡಿದ ಮುಖವನ್ನು ಕೆಲವು ಆ್ಯಪ್‌ಗಳು ಕೇಳದೆಯೇ ಬೆಳ್ಳಗೆ ಮಾಡ್ತಾವ. ನಾನು ವಾದಕ್ಕೆ ಹೋಗೋದಿಲ್ಲ. ಬಂದವರ ಪೈಕಿ ಯಾರು ಅಜ್ಜಿಯನ್ನ ಹೋಲ್ತಾರೆ ಅಂತ ಕೇಳ್ತೀನಿ. ಅವರನ್ನು ಬಾಗಿಲ ಬೆಳಕಲ್ಲಿ ನಿಲ್ಲಿಸಿ ಒಂದು ಫೋಟೊ ತೆಗೆದು, ಕೆನ್ನೆ, ಹಣೆ, ಕಿವಿ ಮೂರೂ ಕಡೆಯಿಂದ ಬಣ್ಣ ಎತ್ತಿಕೊಳ್ತೀನಿ, ಯಾಕಂದ್ರೆ ಒಂದೇ ಕಂದು ಬಳಿದರೆ ಮುಖ ಮಣ್ಣಿನದಾಗುತ್ತದೆ. ಅದನ್ನೇ ಅಜ್ಜಿಗೆ ಹಚ್ಚಿ ಪರದೆ ಮೇಲೆ ಇಬ್ಬರನ್ನೂ ಅಕ್ಕಪಕ್ಕ ತೋರಿಸ್ತೀನಿ. ಆಮೇಲೆ ಬೆಳ್ಳಗ ಮಾಡ್ರಿ ಅಂದವರು ಕಡಿಮೆ.