ಅಡಿಕೆಯ ಕೊಳೆರೋಗಾಣುವಿನ ಹೊರಗೋಡೆಯೂ ಧ್ರುವೀಕೃತ ಬೆಳಕಿನ ಪರೀಕ್ಷೆಯೂ
(ತೋಟದ ಹಿಡುವಳಿದಾರರ ಸಭೆಯಲ್ಲಿ ಮಾಡಿದ ಉಪನ್ಯಾಸ)



ಮಳೆಗಾಲವು ಸಮೀಪಿಸುತ್ತಿದೆ. ಕೊಳೆರೋಗದಿಂದ ಎಳೆಗಾಯಿಗಳುದುರಿ ವರ್ಷದ ಉತ್ಪತ್ತಿಯೇ ಕೈತಪ್ಪಿದ ತೋಟಗಳನ್ನು ತಾವೆಲ್ಲರೂ ಬಲ್ಲಿರಿ. ಹೀಗಿದ್ದರೂ ರೋಗವು ಕಣ್ಣಿಗೆ ಬಿದ್ದ ಮೇಲೆ ಔಷಧ ಹೊಡೆದರಾಯಿತೆಂದು ಹೇಳುವವರು ಇನ್ನೂ ಉಂಟು. ಅದು ಸರಿಯಲ್ಲವೆಂಬುದಕ್ಕೆ ಕಾರಣವು ಆ ರೋಗಾಣುವಿನ ಮೈಹೊದಿಕೆಯಲ್ಲಿಯೇ ಇರುವುದರಿಂದ, ಅದನ್ನು ಕುರಿತು ನಾಲ್ಕು ಮಾತುಗಳನ್ನು ಅರಿಕೆ ಮಾಡುತ್ತೇನೆ.

1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಡಾಕ್ಟರ್ ಲೆಸ್ಲಿ ಕೋಲ್ಮನ್ ಅವರು ಈ ರೋಗವನ್ನು ಪರಿಶೋಧಿಸಿ 1910ರಲ್ಲಿ ವರದಿಯನ್ನು ಪ್ರಕಟಿಸಿದರು. ಕೊನೆಗಳಿಗೆ ಕೊಟ್ಟೆ ಕಟ್ಟುವ ಪದ್ಧತಿಯು ಮಲೆನಾಡಿನಲ್ಲಿ ಮೊದಲಿನಿಂದಲೂ ಇದ್ದಿತು. ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಸಿಂಪಡಿಸುವ ಕ್ರಮವು ಅವರ ಪ್ರಯತ್ನದಿಂದ ಬಳಕೆಗೆ ಬಂದಿತು. ಫೈಟಾಫ್ತರಾ ಎಂಬ ಈ ಜೀವಿಯನ್ನು ಆಗ ಬೂಷ್ಟಿನ ಕುಲಕ್ಕೆ ಸೇರಿಸಿದ್ದರು. ಈಗ ಅದು ಬೇರೆಯೇ ಕುಲದ್ದೆಂದು ತಿಳಿದಿದೆ. ನಿಜವಾದ ಬೂಷ್ಟಿನ ಜೀವಕೋಶದ ಗೋಡೆಯಲ್ಲಿ ಏಡಿಯ ಚಿಪ್ಪಿನಲ್ಲಿರುವ ಕೈಟಿನ್ ಇರುತ್ತದೆ. ಇದರ ಗೋಡೆಯಲ್ಲಾದರೋ ಹತ್ತಿಯ ನೂಲಿನಲ್ಲಿರುವ ಸೆಲ್ಯುಲೋಸ್ ಸೇರಿದೆ.

ಇಂತಹ ಗೋಡೆಗಳ ರಚನೆಯನ್ನು ನೋಡಲು ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕವು ಒಂದು ಸಾಧನ. ಬೆಳಕು ಅಲೆಯಂತೆ ಎಲ್ಲಾ ಕಡೆಗೂ ಓಲಾಡುತ್ತಾ ಬರುತ್ತದೆ. ಬಿದಿರುಗಳುಗಳ ಬೇಲಿಯ ಸಂದಿನಲ್ಲಿ ಹಗ್ಗವನ್ನು ತೂರಿಸಿ ಅಲ್ಲಾಡಿಸಿದರೆ, ಮೇಲೆ ಕೆಳಗೆ ಆಡುವ ಅಲೆ ಮಾತ್ರ ದಾಟಿ ಹೋಗುವುದಷ್ಟೆ. ಹಾಗೆಯೇ ಒಂದು ಶೋಧಕವು ಒಂದೇ ದಿಕ್ಕಿನ ಓಲಾಟವುಳ್ಳ ಬೆಳಕನ್ನು ಬಿಡುತ್ತದೆ. ಅದರ ಮೇಲೆ ಇನ್ನೊಂದು ಶೋಧಕವನ್ನು ಅಡ್ಡಲಾಗಿ ಇಟ್ಟರೆ ಪೂರಾ ಕತ್ತಲೆ. ಎರಡರ ಮಧ್ಯೆ ನೀರಿನ ಹನಿಯನ್ನಿಟ್ಟರೆ ಕತ್ತಲೆಯು ಹಾಗೆಯೇ ಇರುತ್ತದೆ. ಹತ್ತಿಯ ಎಳೆಯೊಂದನ್ನು ಓರೆಯಾಗಿಟ್ಟರೆ ಅದು ಹೊಳೆಯುತ್ತದೆ. ಆಲೂಗಡ್ಡೆಯ ಹಿಟ್ಟಿನ ಕಣವಾದರೆ, ಹೊಳೆಯುವ ಬಿಲ್ಲೆಯ ಮೇಲೆ ಕಪ್ಪು ಶಿಲುಬೆ ಬರೆದಂತೆ ತೋರುವುದು. ಕಣಗಳು ಕ್ರಮವಾಗಿ ಒಂದೇ ಕಡೆಗೆ ಜೋಡಣೆಯಾಗಿರುವ ವಸ್ತುವಿನ ಲಕ್ಷಣವಿದು. ಕಾರ್ಲ್ ನೇಗೆಲಿ ಎಂಬ ವಿದ್ವಾಂಸರು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಇದನ್ನು ನೋಡಿ, ಸಸ್ಯಕೋಶದ ಗೋಡೆಯು ಕ್ರಮಬದ್ಧವಾದ ಸೂಕ್ಷ್ಮಕಣಗಳಿಂದ ಆದುದೆಂದು ಊಹಿಸಿದರು.

ಆದರೆ ಇಲ್ಲಿ ಎಚ್ಚರಿಕೆ ಬೇಕು. ಹೊಳೆದುದೆಲ್ಲವೂ ರೋಗಾಣುವಲ್ಲ. ಕೆಸುವಿನ ದಂಟು ತಿಂದಾಗ ಗಂಟಲು ತುರಿಸುವುದಕ್ಕೆ ಕಾರಣವಾದ ಸೂಜಿಯಂತಹ ಹರಳುಗಳು ಇದಕ್ಕಿಂತ ಪ್ರಕಾಶವಾಗಿ ಹೊಳೆಯುತ್ತವೆ; ಹೊಸಬರು ಅದನ್ನೇ ನೋಡಿ ಮೋಸಹೋಗುವುದುಂಟು. ಕೈಟಿನ್ ಸಹ ಹೊಳೆಯತಕ್ಕದ್ದೇ. ಬೆಳಕು ಜೋಡಣೆಯನ್ನು ತಿಳಿಸುವುದೇ ಹೊರತು ವಸ್ತುವಿನ ಹೆಸರನ್ನು ಹೇಳುವುದಿಲ್ಲ. ಅದಕ್ಕಾಗಿ ಸತುವಿನ ಕ್ಲೋರೈಡ್ ಮತ್ತು ಅಯೊಡಿನ್ ಕೂಡಿದ ಬಣ್ಣವನ್ನು ಹಾಕಿ, ಸೆಲ್ಯುಲೋಸ್ ನೇರಳೆಗೆ ತಿರುಗುವುದನ್ನು ನೋಡಬೇಕು. ಬೆಳಕು, ಬಣ್ಣ ಎರಡರ ಸಾಕ್ಷಿಯೂ ಕೂಡಿದರೆ ಮಾತ್ರ ನಂಬತಕ್ಕದ್ದು.

ಈಗ ಮುಖ್ಯ ವಿಷಯ. ರೋಗ ಹಿಡಿದ ಕಾಯಿಯ ಮೇಲೆ ನಿಂಬೆಕಾಯಿಯ ಆಕಾರದ ಅತಿ ಸಣ್ಣ ಚೀಲಗಳು ಹುಟ್ಟುತ್ತವೆ. ಮಳೆಯ ನೀರು ತಗುಲಿದಾಗ ಅವು ಬಿಚ್ಚಿ, ಎರಡೆರಡು ಬಾಲಗಳುಳ್ಳ ಈಜುವ ಬೀಜಾಣುಗಳು ಹೊರಬರುತ್ತವೆ. ಈ ಈಜುವ ಬೀಜಾಣುವಿಗೆ ಗೋಡೆಯೇ ಇಲ್ಲ. ತೆಳುವಾದ ಪೊರೆಯೊಂದೇ ಅದರ ಮೈ. ಸೆಲ್ಯುಲೋಸಿನ ಗೋಡೆಯಿಂದ ಬರತಕ್ಕ ಹೊಳಪು ಅದರಲ್ಲಿ ಇರಲಾರದು. ಕಾಯಿಯ ಮೇಲೆ ನೆಲೆಯಾದ ಕೂಡಲೆ ಬಾಲಗಳನ್ನು ಕಳೆದುಕೊಂಡು ದುಂಡಾಗಿ, ಕೆಲವೇ ನಿಮಿಷಗಳಲ್ಲಿ ಸುತ್ತಲೂ ಗೋಡೆಯನ್ನು ಕಟ್ಟಿಕೊಳ್ಳುತ್ತದೆ. ಆ ಗೋಡೆಯು ಅತ್ಯಂತ ತೆಳ್ಳಗಿರುವುದರಿಂದ ಹೊಳಪು ಮಂದವಾದದ್ದು. ನುರಿತ ಕಣ್ಣೂ ಒಳ್ಳೆಯ ಯಂತ್ರವೂ ಬೇಕು. ಅನಂತರ ಮೊಳಕೆಯೊಡೆದು ಕಾಯಿಯೊಳಕ್ಕೆ ನುಗ್ಗುತ್ತದೆ.

ಬತ್ತಲೆಯಾಗಿ ಈಜುವ ಆ ಅಲ್ಪಕಾಲದಲ್ಲಿ ನೀರಿನಲ್ಲಿ ತಾಮ್ರದ ಅಂಶವು ಸ್ವಲ್ಪವಿದ್ದರೂ ಬೀಜಾಣುವು ಸಾಯುತ್ತದೆ. ಒಳಹೊಕ್ಕ ಮೇಲೆ ಕಾಯಿಯ ಹೊರಗಿನ ಬೋರ್ಡೋ ಲೇಪವು ಅದನ್ನು ಮುಟ್ಟಲಾರದು. ಆದಕಾರಣ ಬೀಜಾಣು ಬರುವುದಕ್ಕೆ ಮುಂಚೆಯೇ ಲೇಪವು ಕಾಯಿಯ ಮೇಲೆ ಒಣಗಿ ಕುಳಿತಿರಬೇಕು. ಇತ್ತೀಚೆಗೆ ಈ ಕುಲದ ಜೀವಿಗಳು ಸೆಲ್ಯುಲೋಸನ್ನು ಕಟ್ಟದಂತೆ ತಡೆಯುವ ಔಷಧಗಳೂ ಬಂದಿವೆ; ಅವುಗಳಲ್ಲೊಂದಾದ ಮ್ಯಾಂಡಿಪ್ರೋಪಮಿಡ್ ಆಲೂಗಡ್ಡೆಯ ಅಂಗಮಾರಿ ರೋಗಾಣುವಿನಲ್ಲಿ ಹೀಗೆ ಕೆಲಸ ಮಾಡುವುದೆಂದು 2010ರಲ್ಲಿ ತೋರಿಸಲಾಯಿತು. ಆದರೂ ಅಡಿಕೆಗೆ ಬೋರ್ಡೋ ದ್ರಾವಣವೇ ಅಗ್ಗವಾದದ್ದು, ಪರಿಚಿತವಾದದ್ದು.

ಶೇಕಡಾ 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಒಳ್ಳೆಯ ಸುಟ್ಟ ಸುಣ್ಣ, ಒಟ್ಟು 100 ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ತಿಳಿಗೆ ಹೊಯ್ಯತಕ್ಕದ್ದು. ಮೈಲುತುತ್ತಕ್ಕೆ ಕಬ್ಬಿಣದ ಪಾತ್ರೆ ಕೂಡದು. ಉಜ್ಜಿದ ಚಾಕುವನ್ನು ದ್ರಾವಣದಲ್ಲಿ ಅದ್ದಿ ನೋಡಿದಾಗ ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣವನ್ನು ಸೇರಿಸಬೇಕು. ಮೊದಲನೆಯ ಸಿಂಪರಣೆ ಮುಂಗಾರು ಹಿಡಿಯುವುದಕ್ಕೆ ಮುಂಚೆ. ಎರಡನೆಯದು 40-45 ದಿನಗಳ ತರುವಾಯ, ಬಿಸಿಲು ಬಿಟ್ಟ ದಿನ ನೋಡಿ. ಮಳೆ ಮುಂದುವರಿದರೆ ಮೂರನೆಯದು. ನೆಲಕ್ಕುದುರಿದ ರೋಗದ ಕಾಯಿಗಳನ್ನು ಆಯಿಸಿ ತೋಟದ ಹೊರಗೆ ನಾಶಮಾಡಿಸಬೇಕು. ಒಬ್ಬರ ತೋಟದ ಬೀಜಾಣುವು ಗಾಳಿಮಳೆಯಲ್ಲಿ ನೆರೆಯ ತೋಟಕ್ಕೆ ಹೋಗುವುದಾದ ಕಾರಣ, ಮರ ಹತ್ತುವ ಕೊನೆಗಾರರು ಗ್ರಾಮದ ಎಲ್ಲಾ ತೋಟಗಳಿಗೂ ಸಕಾಲದಲ್ಲಿ ದೊರೆಯುವಂತೆ ಸರದಿಯನ್ನು ಗೊತ್ತುಮಾಡಿಕೊಡಬೇಕಾಗಿ ಪಟೇಲರನ್ನು ಪ್ರಾರ್ಥಿಸುತ್ತೇನೆ.