ಮೂಲವನ್ನು ಅರಸುವವರಿಗೆ ಎರಡು ದಾರಿ

(ವಾರ್ಷಿಕ ಜಾತ್ರೋತ್ಸವದ ಧಾರ್ಮಿಕ ಸಭೆಯಲ್ಲಿ ಮಾಡಿದ ಭಾಷಣ)



ದೇವಸ್ಥಾನದಲ್ಲಿ ಸೇವಾ ರಶೀದಿ ಬರೆಯುವವರು ಕೇಳುವ ಪ್ರಶ್ನೆಗಳು ಮೂರು. ಹೆಸರೇನು? ನಕ್ಷತ್ರ ಯಾವುದು? ಗೋತ್ರ ಯಾವುದು? ಮೊದಲಿನ ಎರಡಕ್ಕೆ ಉತ್ತರ ಕೂಡಲೇ ಬರುತ್ತದೆ. ಮೂರನೆಯದಕ್ಕೆ ಬಂದಾಗ ಯುವಕ ಯುವತಿಯರು ಫೋನು ತೆಗೆದು ಮನೆಯಲ್ಲಿರುವ ಅಜ್ಜಿಯನ್ನು ಕೇಳುವುದು ಈಗ ಎಲ್ಲ ಕಡೆಯೂ ಕಾಣುವ ದೃಶ್ಯ. ಅಜ್ಜಿ ಇರುವಷ್ಟು ದಿನ ಉತ್ತರವಿದೆ. ಅಜ್ಜಿಯ ಕಾಲಾನಂತರ ಯಾರನ್ನು ಕೇಳುವುದು?

ಇದು ಕೇವಲ ರಶೀದಿಯ ಪ್ರಶ್ನೆಯಲ್ಲ. ತುಳುನಾಡಿನಲ್ಲಿ ಪ್ರತಿಯೊಂದು ಕುಟುಂಬಕ್ಕೂ ಒಂದು ನಾಗಮೂಲ ಇದೆಯೆಂಬುದು ಹಿರಿಯರ ನಂಬಿಕೆ. ನಾಗರ ಪಂಚಮಿಗೆ ತನು ಎರೆಯುವುದು, ತಂಬಿಲ ಕೊಡುವುದು ಆ ಮೂಲಸ್ಥಾನದಲ್ಲಿಯೇ ಆಗಬೇಕು. ಆದರೆ ಮುಂಬಯಿಗೆ ಹೋದವರು, ಗಲ್ಫಿಗೆ ಹೋದವರು, ಘಟ್ಟ ಹತ್ತಿದವರು ಎರಡು ಮೂರು ತಲೆಮಾರು ಕಳೆಯುವಷ್ಟರಲ್ಲಿ ದಾರಿ ಮರೆತಿದ್ದಾರೆ. ಮನೆಯಲ್ಲಿ ಕಷ್ಟ ಬಂದಾಗ ಪ್ರಶ್ನೆ ಇಡಿಸುತ್ತಾರೆ. ‘ಮೂಲದಲ್ಲಿ ಸೇವೆ ನಿಂತಿದೆ’ ಎಂದು ಬರುತ್ತದೆ. ಮೂಲ ಎಲ್ಲಿ ಎಂದು ಹುಡುಕುವ ಕೆಲಸ ಅಲ್ಲಿಂದ ಆರಂಭ. ವಂಶಾವಳಿ ಸಂಶೋಧನೆ ಎಂಬ ದೊಡ್ಡ ಹೆಸರು ಇಲ್ಲದಿದ್ದರೂ ಈ ನಾಡಿನ ಜನ ಅದನ್ನು ಮಾಡುತ್ತಲೇ ಬಂದಿದ್ದಾರೆ.

ಈಗ ಇದಕ್ಕೆ ಹೊಸದೊಂದು ದಾರಿ ಸೇರಿದೆ. ಸ್ವಲ್ಪ ಜೊಲ್ಲನ್ನು ಸಣ್ಣ ಕುಪ್ಪಿಯಲ್ಲಿ ಹಾಕಿ ಕಳುಹಿಸಿದರೆ ಪೂರ್ವಜರ ಮೂಲ ತಿಳಿಸುವ ಡಿ.ಎನ್.ಎ. ಪರೀಕ್ಷೆ. ಪರದೇಶದಲ್ಲಿರುವ ಮಕ್ಕಳು ಇದನ್ನು ಮಾಡಿಸುತ್ತಿದ್ದಾರೆ. ಇದರಿಂದ ಏನು ತಿಳಿಯುತ್ತದೆ, ಏನು ತಿಳಿಯುವುದಿಲ್ಲ ಎಂಬುದನ್ನು ಅರಿತುಕೊಳ್ಳುವುದು ಅಗತ್ಯ.

ಈ ಸೀಮೆಯಲ್ಲಿ ವಂಶವನ್ನು ಎಣಿಸುವ ಕ್ರಮ ಎರಡು. ಒಂದು ಮಕ್ಕಳಕಟ್ಟು. ತಂದೆಯಿಂದ ಮಗನಿಗೆ ಗೋತ್ರ ಬರುತ್ತದೆ. ಇನ್ನೊಂದು ಅಳಿಯಕಟ್ಟು, ಅಂದರೆ ಅಳಿಯಸಂತಾನ. ಇಲ್ಲಿ ತಾಯಿಯಿಂದ ಮಕ್ಕಳಿಗೆ ಬಳಿ ಬರುತ್ತದೆ. ತುಳುವಿನಲ್ಲಿ ಬರಿ ಎನ್ನುವುದೂ ಇದನ್ನೇ. ಗಂಡಸಿನ ಮಕ್ಕಳು ಹೆಂಡತಿಯ ಮನೆಯವರು. ಅವನ ತರವಾಡು ಮುಂದುವರಿಯುವುದು ಸಹೋದರಿಯ ಮಕ್ಕಳಿಂದ. ದೈವವು ಬಲಿ ಕೇಳಿದಾಗ ಅರಸನ ಹೆಂಡತಿ ತನ್ನ ಮಕ್ಕಳನ್ನು ಕೊಡಲು ಒಪ್ಪಲಿಲ್ಲ, ತಂಗಿ ತನ್ನ ಮಗನನ್ನು ಒಪ್ಪಿಸಿದಳು, ದೈವವು ಮೆಚ್ಚಿ ಆ ಹುಡುಗನನ್ನು ಉಳಿಸಿತು, ಅವನೇ ಭೂತಾಳಪಾಂಡ್ಯನಾಗಿ ಈ ಕಟ್ಟನ್ನು ಜಾರಿಗೆ ತಂದನು ಎಂಬ ಐತಿಹ್ಯ ಎಲ್ಲರಿಗೂ ತಿಳಿದದ್ದೇ.

ಆಶ್ಚರ್ಯವೆಂದರೆ ಆಧುನಿಕ ವಿಜ್ಞಾನವೂ ಇದೇ ಎರಡು ಎಳೆಗಳನ್ನು ಹಿಡಿದು ಹಿಂದಕ್ಕೆ ಹೋಗುತ್ತದೆ. ಗಂಡಸರಲ್ಲಿ ಮಾತ್ರ ಇರುವ ವೈ ಎಂಬ ವರ್ಣತಂತು ತಂದೆಯಿಂದ ಮಗನಿಗೆ ಹೆಚ್ಚುಕಡಿಮೆ ಹಾಗೆಯೇ ಬರುತ್ತದೆ. ಇದು ಗೋತ್ರದ ದಾರಿ. ಇನ್ನು ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯ ಎಂಬ ಸಣ್ಣ ಅಂಗವೊಂದಿದೆ. ಅದಕ್ಕೆ ಅದರದೇ ಆದ ಡಿ.ಎನ್.ಎ. ಇದೆ. 16,569 ಅಕ್ಷರಗಳ ಪುಟ್ಟ ಓಲೆಯೆಂದು ತಿಳಿಯಬಹುದು. ಅದು ತಾಯಿಯಿಂದ ಗಂಡು ಹೆಣ್ಣು ಎಲ್ಲ ಮಕ್ಕಳಿಗೂ ಬರುತ್ತದೆ. ಆದರೆ ಮುಂದಕ್ಕೆ ದಾಟಿಸುವುದು ಹೆಣ್ಣುಮಕ್ಕಳು ಮಾತ್ರ. ಇದು ಅಳಿಯಕಟ್ಟಿನ ದಾರಿಯಲ್ಲದೆ ಬೇರೇನು?

ಡಿ.ಎನ್.ಎ. ಪರೀಕ್ಷೆ ಈ ನಾಡಿಗೆ ಹೊಸತೂ ಅಲ್ಲ. ಹೈದರಾಬಾದಿನ ಸಿ.ಸಿ.ಎಂ.ಬಿ. ಸಂಸ್ಥೆಯ ಡಾ. ಲಾಲ್‌ಜಿ ಸಿಂಗ್ ಅವರು ಭಾರತದಲ್ಲಿ ಈ ವಿದ್ಯೆಯನ್ನು ಬೆಳೆಸಿದವರು. ಪಿತೃತ್ವದ ವಿವಾದದಲ್ಲಿ ದೇಶದಲ್ಲೇ ಮೊದಲಿಗೆ ಈ ಪರೀಕ್ಷೆಯನ್ನು ಬಳಸಿದ್ದು ಇಲ್ಲಿಗೆ ಹತ್ತಿರದ ತಲಶ್ಶೇರಿಯ ಮೊಕದ್ದಮೆಯಲ್ಲಿ. ಅದನ್ನು ಸಾಕ್ಷ್ಯವಾಗಿ ಒಪ್ಪಬಹುದೆಂದು 1991ರಲ್ಲಿ ಕೇರಳ ಹೈಕೋರ್ಟು ತೀರ್ಪಿತ್ತಿತು.

ಅನಂತರ ವಿಜ್ಞಾನಿಗಳು ಇಡೀ ದೇಶದ ಜನರ ಮೂಲವನ್ನು ಹುಡುಕತೊಡಗಿದರು. ಹೈದರಾಬಾದಿನ ಮತ್ತು ಅಮೆರಿಕದ ವಿಜ್ಞಾನಿಗಳು ಕೂಡಿ 25 ಸಮುದಾಯಗಳ 132 ಮಂದಿಯನ್ನು ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಭಾರತದ ಬಹುತೇಕ ಸಮುದಾಯಗಳು ಎರಡು ಪುರಾತನ ಮೂಲಗಳು ಬೇರೆ ಬೇರೆ ಪ್ರಮಾಣದಲ್ಲಿ ಬೆರೆತು ಆದವು. ಈ ಬೆರಕೆ ನಡೆದದ್ದು ಸುಮಾರು 4,200 ವರ್ಷಗಳಿಂದ 1,900 ವರ್ಷಗಳ ಹಿಂದಿನವರೆಗೆ ಎಂದು 2013ರಲ್ಲಿ ಅವರೇ ಲೆಕ್ಕ ಹಾಕಿದರು. ಆಮೇಲೆ ತಮ್ಮ ತಮ್ಮೊಳಗೆ ಮದುವೆಯಾಗುವ ಕ್ರಮ ಬಲವಾಯಿತು. 2023ರಲ್ಲಿ ನೈಋತ್ಯ ಕರಾವಳಿಯ ಬಂಟ, ನಾಯರ್, ತೀಯ ಮುಂತಾದ ಸಮುದಾಯಗಳ 213 ಮಂದಿಯ ಬಗ್ಗೆ ಇನ್ನೊಂದು ಅಧ್ಯಯನ ಬಂತು. ಇವರ ಮೂಲದಲ್ಲಿ ವಾಯವ್ಯ ದಿಕ್ಕಿನಿಂದ ಬಂದವರ ಪಾಲು ಗಣನೀಯವೆಂದೂ ತಾಯಿ ಕಡೆಯ ಎಳೆಗಳಲ್ಲಿಯೂ ಅದು ಕಾಣುತ್ತದೆಂದೂ ಅದರಲ್ಲಿ ಹೇಳಿದೆ.

ಇದನ್ನು ಓದಿ ‘ಆ ಜಾತಿ ಮೇಲು, ಈ ಜಾತಿ ಕೀಳು’ ಎಂದು ಹೊರಡುವವರು ವರದಿಯ ಅರ್ಧವನ್ನು ಮಾತ್ರ ಓದಿದವರು. ಬೆರೆಯದೆ ಉಳಿದವರು ಇಲ್ಲವೇ ಇಲ್ಲ ಎನ್ನುವಂತಿದೆ ಎಂಬುದೇ ಅದರ ಮುಖ್ಯ ಮಾತು.

ಇನ್ನು ಒಂದು ಲೆಕ್ಕ. ಒಬ್ಬ ಮನುಷ್ಯನಿಗೆ ತಂದೆ ತಾಯಿ ಇಬ್ಬರು, ಅಜ್ಜ ಅಜ್ಜಿಯರು ನಾಲ್ವರು, ಅವರ ಹಿಂದೆ ಎಂಟು ಮಂದಿ. ಹೀಗೆ ಹತ್ತು ತಲೆಮಾರು ಹಿಂದಕ್ಕೆ ಹೋದರೆ 1,024 ಸ್ಥಾನಗಳು. ಗೋತ್ರವು ಇವರಲ್ಲಿ ಒಬ್ಬನನ್ನು ತೋರಿಸುತ್ತದೆ. ಬಳಿಯು ಒಬ್ಬಳನ್ನು ತೋರಿಸುತ್ತದೆ. ಉಳಿದ 1,022 ಮಂದಿಯೂ ಪಿತೃಗಳೇ. ಮಹಾಲಯದಲ್ಲಿ ತಿಲೋದಕ ಬಿಡುವಾಗ ತಂದೆಯ ಕಡೆಯವರ ಜೊತೆಗೆ ತಾಯಿಯ ಕಡೆಯವರನ್ನೂ, ಗುರುಗಳನ್ನೂ, ಬಂಧುಗಳನ್ನೂ ನೆನೆಯುವ ಕ್ರಮವನ್ನು ಹಿರಿಯರು ಇಟ್ಟದ್ದು ಸುಮ್ಮನೆ ಅಲ್ಲ.

ಹಾಗಾದರೆ ಡಿ.ಎನ್.ಎ. ಪರೀಕ್ಷೆಯಿಂದ ನಾಗಮೂಲ ಸಿಗುತ್ತದೆಯೇ? ಉದಾಹರಣೆಗೆ ಒಂದು ಕುಟುಂಬವನ್ನು ಭಾವಿಸಿಕೊಳ್ಳಿ. ಮುತ್ತಜ್ಜಿಯನ್ನು ಚಂದ್ರಗಿರಿ ಹೊಳೆಯ ಈಚೆಯಿಂದ ಸುಳ್ಯದ ಕಡೆಗೆ ಮದುವೆ ಮಾಡಿಕೊಟ್ಟದ್ದು. ಅವಳ ಮಕ್ಕಳು ಮುಂಬಯಿಗೆ ಹೋದರು. ಮೊಮ್ಮಕ್ಕಳು ಅಮೆರಿಕದಲ್ಲಿದ್ದಾರೆ. ಅವರು ಪರೀಕ್ಷೆ ಮಾಡಿಸಿದರೆ ಬರುವ ವರದಿಯಲ್ಲಿ ‘ದಕ್ಷಿಣ ಭಾರತ ಇಷ್ಟು ಪಾಲು’ ಎಂದಿರುತ್ತದೆ. ತಾಯಿ ಕಡೆಯ ಗುಂಪಿಗೆ ಒಂದು ಅಕ್ಷರ, ಒಂದು ಸಂಖ್ಯೆ ಇರುತ್ತದೆ. ಅದೇ ಸಂಸ್ಥೆಯಲ್ಲಿ ಪರೀಕ್ಷೆ ಮಾಡಿಸಿದ ದೂರದ ಸೋದರ ಸಂಬಂಧಿ ಯಾರಾದರೂ ಇದ್ದರೆ ಅವರ ಗುರುತು ಸಿಗಬಹುದು. ಇದು ದೊಡ್ಡ ಉಪಕಾರವೇ. ಆದರೆ ತರವಾಡಿನ ಹೆಸರು ಅಲ್ಲಿಲ್ಲ. ಮುತ್ತಜ್ಜಿಯ ಹೆಸರು ಇಲ್ಲ. ಬನ ಯಾವ ಗುಡ್ಡೆಯ ಬದಿಯಲ್ಲಿದೆಯೆಂದು ಇಲ್ಲ. ಬಾಬ್ತುಗಳೆಲ್ಲ ಅಳಿಸಿಹೋಗಿ ಕೊನೆಯ ಮೊತ್ತ ಮಾತ್ರ ಉಳಿದ ಲೆಕ್ಕದ ಪುಸ್ತಕದಂತೆ ಅದು. ಮೊತ್ತ ಸರಿಯೇ ಇರಬಹುದು. ಯಾರಿಂದ ಬಂದದ್ದು ಎಂದು ತಿಳಿಯಬೇಕಾದರೆ ಕಿರ್ದಿ ಬೇಕು.

ಆ ಕಿರ್ದಿ ಎಲ್ಲಿದೆ? ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿದೆ. ಅಳಿಯಸಂತಾನ ಕುಟುಂಬಗಳ ಹಳೆಯ ಪಾಲುಪಟ್ಟಿಗಳನ್ನು ತೆರೆದು ನೋಡಬೇಕು. 1949ರ ಮದರಾಸು ಅಳಿಯಸಂತಾನ ಕಾಯ್ದೆಯಲ್ಲಿ ‘ಕವರು’ ಎಂಬ ಶಬ್ದವೇ ಕಾನೂನಿನ ಶಬ್ದವಾಯಿತು. ಒಬ್ಬ ಹೆಂಗಸು, ಅವಳ ಮಕ್ಕಳು, ಅವಳ ಹೆಣ್ಣುಸಂತತಿಯವರೆಲ್ಲ ಸೇರಿದರೆ ಒಂದು ಕವರು. ಪಾಲು ಕವರುಗಳ ಲೆಕ್ಕದಲ್ಲಿ ಆಗಬೇಕಾದುದರಿಂದ ಯಾರು ಯಾರ ಮಗಳು ಎಂದು ಬರೆಯದೆ ಉಪಾಯವಿರಲಿಲ್ಲ. ಹೀಗಾಗಿ ಆಸ್ತಿಯ ಜಗಳದ ಕಾಗದವೇ ಇಂದು ವಂಶವೃಕ್ಷವಾಗಿ ಉಪಯೋಗಕ್ಕೆ ಬರುತ್ತದೆ. ಕೇರಳದಲ್ಲಿ 1976ರ ದಶಂಬರ 1ರಿಂದ ಅವಿಭಕ್ತ ಕುಟುಂಬ ಪದ್ಧತಿಯೇ ರದ್ದಾಯಿತು. ಅಲ್ಲಿಂದ ಮುಂದೆ ಕವರು ಎಣಿಸುವ ಅಗತ್ಯ ಕಾನೂನಿಗೆ ಉಳಿಯಲಿಲ್ಲ. ಮನೆಯವರೂ ಮರೆಯತೊಡಗಿದರು.

ಮೂಲಗೇಣಿ, ಚಾಲಗೇಣಿ ಚೀಟುಗಳು, ಜಾತಕಗಳು, ತಾಳೆಗರಿಯ ಕಟ್ಟುಗಳು, ಮದುವೆಯ ಕರೆಯೋಲೆಗಳು, ಶಾಲೆಯ ದಾಖಲೆ, ಇವೆಲ್ಲವೂ ಸಾಕ್ಷಿಗಳೇ. ಮನೆಯಲ್ಲಿ ಇಲ್ಲದಿದ್ದರೆ ನೋಂದಣಿಯಾದ ದಸ್ತಾವೇಜಿನ ನಕಲು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಿಗುತ್ತದೆ. ಕೋಲದಲ್ಲಿ ದೈವವು ನುಡಿಕೊಡುವಾಗ ಮನೆ ಮನೆಯ ಹೆಸರು ಹಿಡಿದು ಕರೆಯುತ್ತದಲ್ಲ, ಅದೂ ಒಂದು ದಾಖಲೆ. ಗೋವೆಯಿಂದ ಬಂದ ಗೌಡ ಸಾರಸ್ವತ ಬಾಂಧವರು ಇಷ್ಟು ಶತಮಾನಗಳಾದರೂ ಮಂಗೇಶಿ, ಶಾಂತಾದುರ್ಗಾ, ಮಹಾಲಸಾ ಎಂದು ತಮ್ಮ ಕುಲದೇವರನ್ನು ಮರೆಯದೆ ಅಲ್ಲಿಗೆ ಹೋಗಿಬರುತ್ತಾರೆ. ಹರಿದ್ವಾರದ ಪಂಡರು ಯಾತ್ರಿಕರ ಹೆಸರು, ಊರು, ಹಿರಿಯರ ಹೆಸರುಗಳನ್ನು ವಹಿಗಳಲ್ಲಿ ಬರೆದಿಡುತ್ತಾರೆ. ಅಮೆರಿಕದ ಯೂಟಾ ರಾಜ್ಯದ ವಂಶಾವಳಿ ಸಂಘದವರು ಆ ವಹಿಗಳ ಫೋಟೋ ಪ್ರತಿ ತೆಗೆಸಿಟ್ಟಿದ್ದಾರೆ. ಬರೆದಿಟ್ಟದ್ದು ಮಾತ್ರ ಉಳಿಯುತ್ತದೆ.

ಕಾಸರಗೋಡಿನವರಿಗೆ ಇಲ್ಲಿ ಬೇರೆ ಕಡೆ ಇಲ್ಲದ ಕಷ್ಟವೊಂದಿದೆ. ಈ ತಾಲೂಕು 1956ರ ನವೆಂಬರ 1ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಆ ಕಾಲದ ಕಾಗದಪತ್ರಗಳು ಬಹುಪಾಲು ಕನ್ನಡದಲ್ಲಿವೆ. ಮನೆಯಲ್ಲಿ ತುಳುವನ್ನೋ ಮಲಯಾಳವನ್ನೋ ಕೊಂಕಣಿಯನ್ನೋ ಆಡುವವರ ದಸ್ತಾವೇಜುಗಳೂ ಕನ್ನಡದಲ್ಲಿಯೇ. ಮಲಯಾಳ ಅಥವಾ ಇಂಗ್ಲಿಷ್ ಮಾಧ್ಯಮದಲ್ಲಿ ಕಲಿತ ಮಗುವಿಗೆ ತನ್ನ ಅಜ್ಜನ ಕಾಗದವನ್ನು ಓದಲಿಕ್ಕೆ ಬಾರದು. ಓದಲಿಕ್ಕೆ ಬಾರದ ಕಾಗದವನ್ನು ಯಾರು ಕಾಪಾಡುತ್ತಾರೆ? ಒರಲೆ ಹಿಡಿದರೂ ಕೇಳುವವರಿಲ್ಲ, ಮನೆ ಕೆಡವುವಾಗ ಬೆಂಕಿಗೆ ಹಾಕಿದರೂ ಕೇಳುವವರಿಲ್ಲ. ಮಕ್ಕಳಿಗೆ ಕನ್ನಡ ಅಕ್ಷರ ಕಲಿಸಬೇಕು ಎನ್ನುವುದಕ್ಕೆ ಭಾಷಾಭಿಮಾನ ಒಂದೇ ಕಾರಣವಲ್ಲ. ಕುಟುಂಬದ ಮೂಲದ ಕೀಲಿಕೈ ಆ ಅಕ್ಷರಗಳಲ್ಲಿದೆ.

ಕೆಲವು ಎಚ್ಚರಿಕೆಯ ಮಾತುಗಳೂ ಅಗತ್ಯ. ಗೋತ್ರವಾಗಲಿ ಬಳಿಯಾಗಲಿ ಯಾವಾಗಲೂ ರಕ್ತದಿಂದಲೇ ಬಂದದ್ದಲ್ಲ. ದತ್ತು ಬಂದವನು ದತ್ತು ಪಡೆದ ತಂದೆಯ ಗೋತ್ರದವನು. ಹೆಣ್ಣುಸಂತತಿ ಇಲ್ಲದ ತರವಾಡಿಗೆ ಹೆಣ್ಣುಮಗಳನ್ನು ದತ್ತು ತಂದು ದೀಪ ಆರದಂತೆ ನೋಡಿಕೊಂಡವರಿದ್ದಾರೆ. ಧರ್ಮ ಒಪ್ಪಿದ ಸಂಬಂಧವನ್ನು ಒಂದು ವರದಿಯ ಕಾಗದ ಮುರಿಯಬಾರದು. ಮಕ್ಕಳ ಪಿತೃತ್ವದ ವಿಷಯದಲ್ಲಿ ರಕ್ತಪರೀಕ್ಷೆಗೆ ಕೇಳಿದ ಮಾತ್ರಕ್ಕೆ ಆದೇಶ ಕೊಡಬಾರದೆಂದು 1993ರಲ್ಲಿಯೇ ಸುಪ್ರೀಂ ಕೋರ್ಟು ಹೇಳಿದೆ. ಎರಡನೆಯದಾಗಿ, ಒಬ್ಬನು ಪರೀಕ್ಷೆ ಮಾಡಿಸಿದರೆ ಅವನ ಒಡಹುಟ್ಟಿದವರ, ಮಕ್ಕಳ ಗುಟ್ಟೂ ಹೊರಗೆ ಹೋದಂತೆ. ಅಮೆರಿಕದ ಟ್ವೆಂಟಿತ್ರೀ ಆ್ಯಂಡ್ ಮೀ ಎಂಬ ಹೆಸರಾಂತ ಸಂಸ್ಥೆಯಿಂದ ಸುಮಾರು 69 ಲಕ್ಷ ಮಂದಿಯ ಮಾಹಿತಿ ಕಳವಾದುದು 2023ರಲ್ಲಿ ಬಯಲಾಯಿತು. ಅದೇ ಸಂಸ್ಥೆ 2025ರ ಮಾರ್ಚಿನಲ್ಲಿ ದಿವಾಳಿ ಅರ್ಜಿ ಹಾಕಿತು. ಮನೆಯವರನ್ನು ಕೇಳಿಯೇ ಮುಂದುವರಿಯುವುದು ಲೇಸು.

ಮೂರನೆಯದು ಆರೋಗ್ಯದ ವಿಷಯ. 2017ರಲ್ಲಿ ಪ್ರಕಟವಾದ ಅಧ್ಯಯನದಂತೆ ಪರೀಕ್ಷಿಸಿದ 263 ದಕ್ಷಿಣ ಏಷ್ಯಾದ ಸಮುದಾಯಗಳಲ್ಲಿ 81 ಸಮುದಾಯಗಳು ಕೆಲವೇ ಪೂರ್ವಜರಿಂದ ಬೆಳೆದು ತಮ್ಮೊಳಗೇ ಮದುವೆಯಾದವು. ಅಂತಹ ಕಡೆ ಕೆಲವು ಅಪರೂಪದ ರೋಗಗಳು ಮಕ್ಕಳಿಗೆ ಬರುವ ಸಂಭವ ಹೆಚ್ಚು. ಸಗೋತ್ರ ಬೇಡ, ಒಂದೇ ಬಳಿ ಬೇಡ ಎಂಬ ನಿಯಮ ಒಳ್ಳೆಯದೇ. ಆದರೆ ಅದು ಒಂದೊಂದು ಎಳೆಯನ್ನು ಮಾತ್ರ ಕಾಯುತ್ತದೆ. ಜಾತಕದ ಜೊತೆಗೆ ಎರಡೂ ಕಡೆಯ ಕುಟುಂಬಗಳಲ್ಲಿ ಮಕ್ಕಳು ಯಾವ ಕಾಯಿಲೆಯಿಂದ ತೀರಿಕೊಂಡರು ಎಂಬುದನ್ನೂ ಕೇಳಿ ವೈದ್ಯರ ಸಲಹೆ ಪಡೆಯಬೇಕು.

ಭಕ್ತ ಬಂಧುಗಳೇ, ಡಿ.ಎನ್.ಎ. ಮಾಡಿಸಲು ಅವಸರವಿಲ್ಲ. ಅದು ಮಕ್ಕಳಲ್ಲಿ, ಮೊಮ್ಮಕ್ಕಳಲ್ಲಿ ಉಳಿದೇ ಇರುತ್ತದೆ. ಅಜ್ಜಿಯ ನೆನಪು ಹಾಗಲ್ಲ. ಆದುದರಿಂದ ಜಾತ್ರೆ ಮುಗಿಸಿ ಮನೆಗೆ ಹೋದವರು ಒಂದು ನೂರು ಪುಟದ ಪುಸ್ತಕ ತೆಗೆದುಕೊಳ್ಳಲಿ. ಮನೆಯ ಅತ್ಯಂತ ಹಿರಿಯರ ಎದುರು ಕುಳಿತುಕೊಳ್ಳಲಿ. ಅವರ ತಾಯಿಯ ಹೆಸರು, ತಾಯಿಯ ತಾಯಿಯ ಹೆಸರು, ತರವಾಡು, ಗೋತ್ರ ಅಥವಾ ಬಳಿ, ನಾಗಬನ, ದೈವ, ಯಾವ ಮಗಳನ್ನು ಯಾವ ಊರಿಗೆ ಕೊಟ್ಟದ್ದು, ಇಷ್ಟನ್ನು ಕೇಳಿ ಬರೆಯಲಿ. ಗಂಡುಮಕ್ಕಳ ಹೆಸರು ಬರೆದು ಹೆಣ್ಣುಮಕ್ಕಳನ್ನು ಬಿಡುವ ತಪ್ಪನ್ನು ಮಾಡದಿರಲಿ. ಅಟ್ಟದ ಪೆಟ್ಟಿಗೆಯ ಕಾಗದಗಳ ಫೋಟೋ ತೆಗೆದು ನಾಲ್ಕು ಮನೆಯವರು ಇಟ್ಟುಕೊಳ್ಳಲಿ. ಮುಂದಿನ ಜಾತ್ರೆಗೆ ಬರುವಾಗ ಸೇವಾ ಕೌಂಟರಿನ ಮೂರನೆಯ ಪ್ರಶ್ನೆಗೆ ಮಗುವೇ ಉತ್ತರ ಹೇಳುವಂತಾಗಲಿ.

ಶ್ರೀ ದೇವರು ಊರಿನ ಸಮಸ್ತರಿಗೂ ಸನ್ಮಂಗಳವನ್ನು ಉಂಟುಮಾಡಲಿ.