ಹುಲಿಯ ಕಡೆ ಕೂತು ನೋಡಿ



ಗುಡಿಯ ಕಟ್ಟೆಯ ಕಲ್ಲಿನ ಮೇಲೆ ಕೊರೆದ ಹುಲಿ-ಕುರಿ ಆಟದ ಮನೆಗಳನ್ನು ನೀವೂ ನೋಡಿರುತ್ತೀರಿ. ಹುಲಿ ಮೂರು, ಕುರಿ ಹದಿನೈದು. ಹುಲಿ ಹಾರಿ ಹೊಡೆಯಬೇಕಾದರೆ ಕುರಿಯ ಬೆನ್ನ ಹಿಂದಿನ ಮನೆ ಖಾಲಿ ಇರಬೇಕು. ಕುರಿ ನಡೆಸುವವನ ಗಮನ ಕುರಿಯ ಮೇಲಿರುತ್ತದೆ, ಆ ಖಾಲಿ ಮನೆ ಅವನಿಗೆ ಕಾಣುವುದಿಲ್ಲ. ನಾಲ್ಕು ಸಲ ಹುಲಿ ನಡೆಸಿದವನಿಗೆ ಅದೇ ಮೊದಲು ಕಾಣುತ್ತದೆ. ತಂತ್ರಾಂಶ ಬರೆಯುವವರನ್ನೂ ಒಮ್ಮೆ ಹುಲಿಯ ಕಡೆ, ಅಂದರೆ ದಾಳಿ ಮಾಡುವವರ ಕಡೆ, ಕೂರಿಸಬೇಕು ಎಂಬುದೇ ಈ ಸಂಕಿರಣದ ಆಶಯ.

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಬೆಳಗಾವಿಯಲ್ಲಿ ಹುಟ್ಟಿದ್ದು 1998ರಲ್ಲಿ. ಅದೇ ವರ್ಷ ಫ್ರ್ಯಾಕ್ ಎಂಬ ಪತ್ರಿಕೆಯಲ್ಲಿ ಜೆಫ್ ಫಾರಿಸ್ಟಾಲ್ ಅವರ ಬರಹದಿಂದ ಎಸ್‌ಕ್ಯೂಎಲ್ ಇಂಜೆಕ್ಷನ್ ದಾಳಿ ಬಯಲಿಗೆ ಬಂತು. ಹೆಸರು ತುಂಬುವ ಜಾಗದಲ್ಲಿ ಒಂದು ಉದ್ಧರಣ ಚಿಹ್ನೆ ಸೇರಿಸಿ ಡೇಟಾಬೇಸಿಗೇ ಅಪ್ಪಣೆ ಕೊಡುವ ದಾಳಿ ಅದು. ಇದಕ್ಕೆ ಮದ್ದು ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಎಂದು ಪರೀಕ್ಷೆಯಲ್ಲಿ ಚೆನ್ನಾಗಿ ಬರೆಯುವ ಹುಡುಗರೇ ಪ್ರಾಜೆಕ್ಟಿನಲ್ಲಿ ಸ್ಟ್ರಿಂಗಿಗೆ ಸ್ಟ್ರಿಂಗ್ ಅಂಟಿಸಿ ಕ್ವೆರಿ ಕಟ್ಟುತ್ತಾರೆ. ಪಾಠ ಅವರಿಗೆ ಗೊತ್ತು. ಹುಲಿ ಹಾರಿದ್ದನ್ನು ಕಂಡಿಲ್ಲ, ಅಷ್ಟೇ.

ಕಾಣಿಸಲೆಂದೇ ಕಟ್ಟಿದ ಅಂಗಡಿಯೊಂದಿದೆ, ಓವಾಸ್ಪ್ ಜ್ಯೂಸ್ ಶಾಪ್. ಬ್ಯೋರ್ನ್ ಕಿಮ್ಮಿನಿಶ್ 2014ರಲ್ಲಿ ಶುರುಮಾಡಿದ, ಬೇಕೆಂದೇ ತೂತು ಬಿಟ್ಟ ಆನ್‌ಲೈನ್ ಹಣ್ಣಿನ ರಸದಂಗಡಿ. ನಮ್ಮ ಲ್ಯಾಬಿನಲ್ಲಿ ಖಾನಾಪುರ ತಾಲ್ಲೂಕಿನ ಹುಡುಗಿಯೊಬ್ಬಳು ಅದರ ಮುಂದೆ ಕೂತಿದ್ದಳು. ಬ್ರೌಸರ್ ನೆನಪಿಟ್ಟುಕೊಂಡಿದ್ದ ತನ್ನ ಬುಟ್ಟಿಯ ಸಂಖ್ಯೆಯಲ್ಲಿ ಒಂದು ಅಂಕಿ ಬದಲಿಸಿದಳು. ಬೇರೆ ಯಾರದೋ ಬುಟ್ಟಿ ತೆರೆಯಿತು. ಪಕ್ಕದವರು ಚಪ್ಪಾಳೆ ತಟ್ಟಿದರು, ಅವಳು ತಟ್ಟಲಿಲ್ಲ. ಚೀಲದಿಂದ ಲ್ಯಾಪ್‌ಟಾಪ್ ತೆಗೆದು, ತಾನೇ ಬರೆದಿದ್ದ ಹಾಜರಿ ಪ್ರಾಜೆಕ್ಟ್ ತೆರೆದು, ಅಲ್ಲಿಯೂ ಕ್ರಮಸಂಖ್ಯೆ ಬದಲಿಸಿದಳು. "ಸರ್, ನಂದೂ ತೆರೀತ್ರಿ" ಅಂದಳು. ಅವಳ ಮುಖ ಇವತ್ತಿಗೂ ನನ್ನ ಕಣ್ಣ ಮುಂದಿದೆ. ಕೇಳಿದವರು ಯಾರು, ಆ ದಾಖಲೆ ಅವರದೇ ಹೌದೋ ಎಂದು ನೋಡುವ ನಾಲ್ಕು ಸಾಲನ್ನು ಮನೆಗೆ ಹೋಗುವ ಮೊದಲೇ ಸೇರಿಸಿದಳು. ನಾನು ಹೇಳಿರಲಿಲ್ಲ.

ಹೀಗೆ ತೂತು ಹುಡುಕುವುದನ್ನೇ ಅಂಕಪಟ್ಟಿ ಹಾಕಿ ಓಡಿಸುವ ಸ್ಪರ್ಧೆಗಳ ಬಗ್ಗೆ ಮಾತ್ರ ನನಗೆ ಅಳುಕಿದೆ. ಮೊದಲೇ ಬಲ್ಲ ಮೂವರು ಗೆಲ್ಲುತ್ತಾರೆ, ಉಳಿದವರು ಮೊದಲ ಅರ್ಧ ಗಂಟೆಯಲ್ಲೇ ಕೈಚೆಲ್ಲುತ್ತಾರೆ. ಅಲ್ಲದೆ, ಒಡೆಯಲು ಬಂದರೆ ಕಟ್ಟಲೂ ಬಂತೆಂದಲ್ಲ. ಹುಲಿಯ ಕಡೆ ಕೂತವರು ಎದ್ದು ಮತ್ತೆ ಕುರಿಯ ಕಡೆ ಬರಬೇಕು. ಜರ್ಮನಿಯ ಸೀಮೆನ್ಸ್ ಕಂಪನಿಯಲ್ಲಿ ಟಿಯಾಗೊ ಗಸಿಬಾ ಮತ್ತು ಸಂಗಡಿಗರು ರೂಪಿಸಿದ ಸಿಫು ಎಂಬ ಆಟ ನನಗೆ ಹಿಡಿಸಿದ್ದು ಇದಕ್ಕೇ. ಅದರಲ್ಲಿ ದೋಷವಿರುವ ಕೋಡ್ ಕೈಗೆ ಬರುತ್ತದೆ, ತಿದ್ದಬೇಕು. ತಡವರಿಸಿದರೆ ಯಂತ್ರವೇ ಸುಳಿವು ಕೊಡುತ್ತದೆ.

ಕಂಪ್ಯೂಟರೇ ಬೇಡದ ಆಟವೂ ಉಂಟು. 2010ರಲ್ಲಿ ಮೈಕ್ರೋಸಾಫ್ಟಿನಲ್ಲಿದ್ದ ಆಡಮ್ ಶೊಸ್ಟಾಕ್ ರೂಪಿಸಿದ ಎಲಿವೇಶನ್ ಆಫ್ ಪ್ರಿವಿಲೇಜ್ ಇಸ್ಪೀಟಿನ ಹಾಗೆಯೇ ನಡೆಯುತ್ತದೆ. ಆರು ಬಗೆಯ ಅಪಾಯಕ್ಕೆ ಆರು ರಂಗು, ಆಟದ ಹೆಸರಿನ ರಂಗೇ ತುರುಪು. ನಿಮ್ಮ ತಂತ್ರಾಂಶದ ನಕ್ಷೆಯನ್ನು ನಡುವೆ ಹರಡಿ, ಎಲೆ ಇಳಿಸಿ, ಆ ಅಪಾಯ ನಕ್ಷೆಯಲ್ಲಿ ಎಲ್ಲಿದೆ ಎಂದು ತೋರಿಸಬೇಕು. ಎಲೆಯ ಮೇಲಿನ ಬರಹ ಇಂಗ್ಲಿಷಿನಲ್ಲಿದೆ, ಇರಲಿ. ಮಾತು ನಿಮ್ಮ ಮನೆಮಾತಿನಲ್ಲೇ ನಡೆಯಲಿ, ಕನ್ನಡವೋ ಮರಾಠಿಯೋ. ತರಗತಿಯಲ್ಲಿ ಇಂಗ್ಲಿಷಿಗೆ ಹೆದರಿ ಬಾಯಿ ಬಿಡದ ಹುಡುಗರು ಎಲೆ ಹಿಡಿದ ಮೇಲೆ ಮೇಷ್ಟರ ನಕ್ಷೆಯಲ್ಲೂ ತೂತು ತೋರಿಸಿದ್ದನ್ನು ನಾನು ಕಂಡಿದ್ದೇನೆ.

ಊಟದ ನಂತರದ ಗೋಷ್ಠಿಯಲ್ಲಿ ಇದೇ ಎಲೆಯಾಟ ಆಡಲು ಹಿಂದಿನ ಕೊಠಡಿಯಲ್ಲಿ ಮೇಜು ಹಾಕಿಸಿದ್ದೇವೆ. ಕಚೇರಿಯವರು ಒಂದು ಕಡೆ, ವಿದ್ಯಾರ್ಥಿಗಳು ಇನ್ನೊಂದು ಕಡೆ ಕೂರಬೇಡಿ, ಬೆರೆತು ಕೂರಿ. ಟ್ಯಾಂಪರಿಂಗ್ ರಂಗಿನ ಮೂರು ಯಾರ ಕೈಗೆ ಬಂದಿದೆಯೋ ಅವರದೇ ಮೊದಲ ಇಳಿತ.